ಶಿಬ್ಬೊಲೆತ್: ಒಂದು ‘ಶ’ಗೆ ಪ್ರಾಣ ಹೋದ ಕತೆ

ಇಂಗ್ಲಿಷಲ್ಲಿ ಶಿಬ್ಬೊಲೆತ್ ಅಂತ ಒಂದು ಪದ ಇದೆ, ಜಾಸ್ತಿ ಕಿವಿಗೆ ಬೀಳಲ್ಲ. ಬಾಯಿಂದ ಒಂದು ಮಾತು ಹೊರಡಿಸಿ ಇವನು ನಮ್ಮವನಾ ಹೊರಗಿನವನಾ ಅಂತ ಪತ್ತೆ ಹಚ್ತಾರಲ್ಲ, ಆ ಮಾತಿಗೆ ಆ ಹೆಸರು. ಈಗೀಗ ಒಂದು ಗುಂಪಿನವರು ಯಾವಾಗ್ಲೂ ಹೇಳೋ ಸವಕಲು ಘೋಷಣೆಗೂ ಹಂಗಂತಾರೆ.

ಮೂಲ ಹೀಬ್ರೂ. ಅರ್ಥ ಕಾಳಿನ ತೆನೆ, ಹರಿಯೋ ನೀರು ಅಂತಾನೂ ಹೇಳ್ತಾರೆ. ಬೈಬಲ್‌ನ ನ್ಯಾಯಸ್ಥಾಪಕರು ಪುಸ್ತಕದ 12ನೇ ಅಧ್ಯಾಯದಲ್ಲಿ ಬರುತ್ತೆ, ಗಿಲ್ಯಾದಿನವರು ಯುದ್ಧ ಗೆದ್ದು ಯೊರ್ದನ್ ಹೊಳೆ ದಾಟೋ ಜಾಗಗಳನ್ನೆಲ್ಲ ಹಿಡ್ಕೊಂಡು ನಿಂತಿರ್ತಾರೆ, ಸೋತ ಎಫ್ರಾಯೀಮಿನವರು ಓಡಿ ಬಂದು ದಾಟಕ್ಕೆ ಬಿಡಿ ಅಂತಾರೆ, ನೀನು ಎಫ್ರಾಯೀಮಿನವನಾ ಅಂದ್ರೆ ಅಲ್ಲ ಅಂತಾರೆ, ಹಂಗಾದ್ರೆ ಶಿಬ್ಬೊಲೆತ್ ಅನ್ನು ನೋಡೋಣ. ಅವರ ಬಾಯಲ್ಲಿ ‘ಸಿಬ್ಬೊಲೆತ್’ ಅಂತಾನೇ ಬರೋದು. ಹಿಡಿದು ಅಲ್ಲೇ ಕೊಂದ್ರು. ಸತ್ತವರು 42,000 ಅಂತ ಬರೆದಿದೆ.

ಹಳೇ ಕತೆ ಅನ್ಕೋಬೇಡಿ. 1937ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಸರ್ವಾಧಿಕಾರಿ ಟ್ರುಹಿಯೊ ಹೈಟಿ ಮೂಲದ ಸಾವಿರಾರು ಜನರನ್ನ ಕೊಲ್ಲಿಸಿದಾಗ ಸೈನಿಕರು ಪಾರ್ಸ್ಲಿ ಸೊಪ್ಪು ತೋರಿಸಿ ಅದರ ಸ್ಪ್ಯಾನಿಷ್ ಹೆಸರು ‘ಪೆರೆಹಿಲ್’ ಅನ್ನಿಸಿ ನೋಡ್ತಿದ್ರು, ಸರಿಯಾಗಿ ಅನ್ನಕ್ಕೆ ಬರದವನು ಹೈಟಿಯವನು ಅಂತ ಲೆಕ್ಕ, ಹಂಗಂತ ಹೇಳ್ತಾರೆ.

ನಮ್ಮಲ್ಲಿ ಕತ್ತಿ ಇಲ್ಲ ಸರಿ, ಆದ್ರೆ ‘ಸಾಲೆ’ ಅಂದವನ, ‘ಆಲು’ ಅಂದವನ ಊರು ಜಾತಿ ಓದು ಎಲ್ಲ ಒಂದೇ ಏಟಿಗೆ ಅಳೆದುಬಿಡ್ತೀವಿ. ನಂಗೆ ಇದು ನಿಜವಾಗ್ಲೂ ಸಂಕಟ ಆಗುತ್ತೆ. ಶರ್ಕರಾ ನಮ್ಮ ಬಾಯಿಗೆ ಬಂದು ಸಕ್ಕರೆ ಆಯ್ತು, ಶ್ರೀ ಸಿರಿ ಆಯ್ತು, ‘ಶ’ನ ‘ಸ’ ಮಾಡಿದ್ದು ನಮ್ಮ ಕನ್ನಡಾನೇ, 13ನೇ ಶತಮಾನದ ಕೇಶಿರಾಜ ಇಂಥ ತದ್ಭವಗಳಿಗೆ ತನ್ನ ವ್ಯಾಕರಣದಲ್ಲಿ ಒಂದು ಪ್ರಕರಣಾನೇ ಇಟ್ಟಿದಾನೆ. ಹಾಲು ಹಳಗನ್ನಡದಲ್ಲಿ ಪಾಲ್. ‘ಪ’ ಹೋಗಿ ‘ಹ’ ಬಂದಿದ್ದು ಭಾಷೆಯ ಬೆಳವಣಿಗೆ, ಆ ‘ಹ’ ಬಿಟ್ಟು ಆಲು ಅಂದ್ರೆ ಮಾತ್ರ ತಪ್ಪು ಅನ್ನೋದು ಯಾವ ನ್ಯಾಯ?

ಐದನೇ ಕ್ಲಾಸಲ್ಲಿ ನನ್ನ ಪಕ್ಕ ಒಬ್ಬ ಹುಡುಗ ಕೂರ್ತಿದ್ದ. ಮೇಷ್ಟ್ರು ಅವನನ್ನ ಎಬ್ಬಿಸಿ ‘ಶನಿವಾರ ಶಾಲೆ’ ಅಂತ ಹತ್ತತ್ತು ಸಲ ಹೇಳಿಸೋರು, ಅವನು ‘ಸನಿವಾರ ಸಾಲೆ’ ಅನ್ನೋನು, ಇಡೀ ಕ್ಲಾಸು ನಗೋದು, ನಾನೂ ನಕ್ಕಿದೀನಿ. ಅವನು ಬೆಂಚಿನ ಅಂಚನ್ನ ಉಗುರಲ್ಲಿ ಕೆರೀತಾ ನಿಂತಿರ್ತಿದ್ದ. ಆಮೇಲಾಮೇಲೆ ಪಾಠ ಪೂರ್ತಿ ಬಾಯಿಗೆ ಬರ್ತಿದ್ರೂ ಓದ್ಕೊಂಡು ಬಂದಿಲ್ಲ ಸಾರ್ ಅಂತ ಹೇಳಿ ಕೈ ಮುಂದೆ ಚಾಚೋನು, ಏಟು ತಿಂದು ಕೂತ್ಕೊಳೋನು.