ಬೀಡಿ ಹಚ್ಚಿಕೊಂಡು ವಂಶವನ್ನು ಬೈಯುವವರು

ಇವತ್ತು ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಸಿಕ್ಕ ನೆಂಟರೊಬ್ಬರು ಮೊಬೈಲಿನಲ್ಲಿ ತಮ್ಮ ಜೀನ್ ಪರೀಕ್ಷೆಯ ವರದಿ ತೋರಿಸಿದರು. ‘ಎಂಟಿಎಚ್‌ಎಫ್‌ಆರ್ ಸಿ677ಟಿ’ ಎಂಬ ಜೀನ್ ಬದಲಾವಣೆಯ ಮುಂದೆ ಕೆಂಪು ಚುಕ್ಕೆ. ‘ಹೊಟ್ಟೆಯ ಕ್ಯಾನ್ಸರ್ ನಮ್ಮ ವಂಶದಲ್ಲೇ ಇದೆಯಂತೆ, ಏನು ಮಾಡುವುದು’ ಎಂದು ನಿಟ್ಟುಸಿರು ಬಿಟ್ಟರು. ನಿಟ್ಟುಸಿರಿನ ಜೊತೆ ಬೀಡಿಯ ಹೊಗೆಯೂ ಬಂತು. ವರದಿಯ ಕೊನೆಯ ಪುಟದಲ್ಲಿ ಮಾತ್ರೆ ಡಬ್ಬಿಯ ಚಿತ್ರ, ಬೆಲೆಯ ಸಮೇತ!

ಜೀನಿನ ಕಥೆ ಸುಳ್ಳಲ್ಲ. ಅದು ರೂಪಿಸುವ ಕಿಣ್ವ, ಸೊಪ್ಪಿನಲ್ಲಿರುವ ಫೋಲೇಟ್ ಎಂಬ ಬಿ ವಿಟಮಿನ್ನನ್ನು ದೇಹದ ಕೆಲಸಕ್ಕೆ ಒದಗುವ ರೂಪಕ್ಕೆ ತರುತ್ತದೆ. ತಂದೆ, ತಾಯಿ ಇಬ್ಬರಿಂದಲೂ ‘ಟಿ’, ಅಂದರೆ ಈ ಜೀನಿನ ಬದಲಾದ ರೂಪ, ಬಂದರೆ ಕಿಣ್ವದ ಚಟುವಟಿಕೆ ಸುಮಾರು ಶೇ 30ಕ್ಕೆ ಇಳಿಯುತ್ತದೆ. ಫೋಲೇಟ್ ತೀರಾ ಕಡಿಮೆಯಾದರೆ ಡಿಎನ್‌ಎಯಲ್ಲಿ ಥೈಮಿನ್ ಎಂಬ ಅಕ್ಷರ ಕೂರಬೇಕಾದ ಜಾಗಕ್ಕೆ ಯುರಾಸಿಲ್ ಎಂಬ ಬೇರೆ ಅಕ್ಷರ ನುಸುಳಿ, ಎಳೆ ತುಂಡಾಗುವುದುಂಟು. ಎರಡು ಟಿ ಇರುವವರಲ್ಲಿ, ಅದರಲ್ಲೂ ಪೂರ್ವ ಏಷ್ಯಾದವರಲ್ಲಿ, ಹೊಟ್ಟೆಯ ಕ್ಯಾನ್ಸರಿನ ಅಪಾಯ ತುಸು ಹೆಚ್ಚು ಎಂದು ಅಧ್ಯಯನಗಳು ಹೇಳಿವೆ. ಫೋಲೇಟ್ ಸಾಕಷ್ಟಿದ್ದರೆ ಅದೇ ಟಿ ಇರುವವರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಕಡಿಮೆ ಎಂದೂ ಕಂಡುಬಂದಿದೆ. ಅದಕ್ಕೆ ಹಸಿರು ಚುಕ್ಕೆ ಇಡುವವರಿಲ್ಲ. ಅಂದಹಾಗೆ, ನಮ್ಮ ನೆಂಟರಲ್ಲಿದ್ದದ್ದು ಒಂದೇ ಟಿ.

‘ತಿಳಿದುಕೊಂಡರೆ ತಪ್ಪೇನು?’ ಎನ್ನುತ್ತೀರಿ. ತಿಳಿದುಕೊಂಡು ಮಾಡುವುದೇನು? ಸೊಪ್ಪು ತಿನ್ನಬೇಕು, ಬೀಡಿ ಬಿಡಬೇಕು. ಇದಕ್ಕೆ ಎಂಜಲನ್ನು ಕೊರಿಯರ್ ಮಾಡಬೇಕೇ? ಸೊಪ್ಪು ಬೇಯಿಸಿದಾಗ ಫೋಲೇಟ್ ನೀರಿಗೆ ಇಳಿಯುತ್ತದೆ. ಆ ನೀರನ್ನು ಚೆಲ್ಲದೆ ಬಸ್ಸಾರು ಮಾಡಿ ಮುದ್ದೆಯ ಜೊತೆ ಉಣ್ಣುವ ಜಿಲ್ಲೆ ನಮ್ಮದು. ಮಾತ್ರೆಯೇ ಬೇಕೆಂದರೂ ಈ ಜೀನಿನವರಿಗೆ ವಿಶೇಷ ಡಬ್ಬಿ ಬೇಕಿಲ್ಲ. ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಬಸುರಿಯರಿಗೆ ಕೊಡುವ ಮಾತ್ರೆಯಲ್ಲಿರುವ ಮಾಮೂಲಿ ಫೋಲಿಕ್ ಆಮ್ಲವನ್ನೂ (ಫೋಲೇಟಿನ ಮಾತ್ರೆ ರೂಪ) ಅವರ ದೇಹ ಬಳಸಿಕೊಳ್ಳುತ್ತದೆ.

ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಹೊಟ್ಟೆಯ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1994ರಲ್ಲೇ ಸಾರಿತು. ಅದನ್ನು ಪತ್ತೆ ಮಾಡಬಹುದು, ಆ್ಯಂಟಿಬಯೋಟಿಕ್ ಕೊಟ್ಟು ಓಡಿಸಬಹುದು. ನೆಂಟರಿಗೆ ಅದರ ಹೆಸರೇ ಗೊತ್ತಿಲ್ಲ. ವಂಶವನ್ನು ಬೈದರೆ ಮುಗಿಯಿತು, ತಾತ ಎದ್ದು ಬಂದು ಉತ್ತರ ಕೊಡುವುದಿಲ್ಲವಲ್ಲ.

ನನಗೇಕೆ ಇಷ್ಟು ಸಿಟ್ಟು ಎಂದು ಕೇಳಬೇಡಿ, ನಮ್ಮಪ್ಪನಿಗೂ ಹೊಟ್ಟೆಯ ಕ್ಯಾನ್ಸರೇ ಬಂದಿತ್ತು. ಎದೆಯುರಿ ಎಂದಾಗಲೆಲ್ಲ ಔಷಧಿ ಅಂಗಡಿಯಿಂದ ಗುಲಾಬಿ ಬಣ್ಣದ ಸಿರಪ್ ತಂದು ಬಾಟಲಿಗೇ ಬಾಯಿಟ್ಟು ಕುಡಿದರು. ಎಂಡೋಸ್ಕೋಪಿ ಮಾಡಿಸುವ ಹೊತ್ತಿಗೆ ಗಂಜಿಯೂ ಇಳಿಯುತ್ತಿರಲಿಲ್ಲ.

ಎದೆಯುರಿ ಬಿಡದೆ ಕಾಡುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಮಲ ಕಪ್ಪಾಗಿದ್ದರೆ ದಯವಿಟ್ಟು ವೈದ್ಯರ ಹತ್ತಿರ ಹೋಗಿ. ಜೀನ್ ಪರೀಕ್ಷೆಯ ರಿಯಾಯಿತಿ ಕೂಪನ್ ಇಲ್ಲಿ ಹಾಕಿದವರನ್ನು, ನೆಂಟರಾದರೂ ಸರಿ, ಬ್ಲಾಕ್ ಮಾಡುತ್ತೇನೆ.