ವಂಶ ಹುಡುಕಿಸಲು 85 ಸಾವಿರ

ಅಮೆರಿಕದಲ್ಲಿರುವ ನನ್ನ ತಮ್ಮನಿಗೆ ಈಗ ವಂಶದ ಹುಚ್ಚು ಹಿಡಿದಿದೆ. ಅವನ ಆಫೀಸಿನ ಗೆಳೆಯನೊಬ್ಬ ಮನೆಯಲ್ಲಿ ಕೂತೇ ಏಳು ತಲೆಮಾರು ಹುಡುಕಿ ತೆಗೆದನಂತೆ. ಇವನಿಗೂ ಆಗಬೇಕು. ದುಡ್ಡು ತಗೊಂಡು ಈ ಕೆಲಸ ಮಾಡಿಕೊಡುವವರೊಬ್ಬರನ್ನು ಬೆಂಗಳೂರಿನಲ್ಲಿ ಹಿಡಿದ. "ಅಕ್ಕಾ, 85 ಸಾವಿರ ಕೇಳ್ತಾರ. ಏಳು ತಲಿಮಾರು ಗ್ಯಾರಂಟಿ ಅಂತಾರ. ನೀ ಒಂದ್ಸಲ ಮಾತಾಡಿ ನೋಡು" ಅಂದ.

ಮಾತಾಡಿದೆ. ಆ ಗ್ಯಾರಂಟಿ ಅನ್ನೋ ಮಾತೇ ನನಗೆ ಸರಿ ಬರಲಿಲ್ಲ. ಕಾಗದಪತ್ರವೇ ಸಿಗದಿದ್ದರೆ ಏನು ಮಾಡ್ತೀರಿ ಅಂತ ಕೇಳಿದೆ. "ಸಿಗುತ್ತೆ ಮೇಡಂ" ಅಂದರು. ಮಾದರಿಗೆ ಅಂತ ಬೇರೆ ಯಾರದೋ ಮನೆತನದ ಪುಸ್ತಕ ಕಳಿಸಿದರು. ಚಂದದ ಬಣ್ಣದ ಹಾಳೆಗಳು. ಅವರ ಮೂಲ ಹೋಗಿ ಹೋಗಿ ವಿಜಯನಗರದ ಒಬ್ಬ ದಂಡನಾಯಕನಿಗೆ ಮುಟ್ಟಿತ್ತು. ಯಾವ ದಾಖಲೆ ನೋಡಿ ಹೀಗೆ ಬರೆದರು ಅನ್ನೋದು ಮಾತ್ರ ಒಂದು ಪುಟದಲ್ಲೂ ಇರಲಿಲ್ಲ. ಎಲ್ಲರ ಮುತ್ತಜ್ಜಂದಿರೂ ದಂಡನಾಯಕರೇ ಆಗಿದ್ದರೆ ಆಗ ಹೊಲ ಉಳುತ್ತಿದ್ದವರು ಯಾರು ಮಾರಾಯ್ರೇ?

ತಮ್ಮನಿಗೆ ಹೇಳಿದೆ, ನಿನ್ನ ಗೆಳೆಯನ ಲೆಕ್ಕ ಬೇರೆ. ಅಲ್ಲಿ ಜನಗಣತಿಯ ಮನೆಮನೆ ಹಾಳೆಗಳನ್ನು 72 ವರ್ಷ ಆದಮೇಲೆ ಎಲ್ಲರಿಗೂ ತೆರೆದಿಡುತ್ತಾರೆ. 1950ರದ್ದು 2022ರಲ್ಲಿ ಹೊರಗೆ ಬಂತು. ಹೆಸರು ಹೊಡೆದರೆ ಮನೆಯೇ ಸಿಗುತ್ತದೆ. ನಮ್ಮಲ್ಲಿ 1948ರ ಕಾಯಿದೆ ಪ್ರಕಾರ ಅದೆಲ್ಲ ಗುಟ್ಟು. ಜನನ ಮರಣ ಬರೆಸಲೇಬೇಕು ಅಂತ ದೇಶಕ್ಕೆಲ್ಲ ಒಂದೇ ಕಾಯಿದೆ ಬಂದದ್ದೇ 1969ರಲ್ಲಿ. ನಮ್ಮ ಹಳೇ ತಲೆಮಾರುಗಳು ಇರೋದು ಹೊಲದ ಉತಾರದಲ್ಲಿ (ಪಹಣಿ ಅಂತಾರಲ್ಲ, ಅದು), ಟ್ರಂಕಿನಲ್ಲಿ, ಮುದುಕಿಯರ ಬಾಯಲ್ಲಿ. ಅದಕ್ಕೆ ಬೆಂಗಳೂರಿನವರು ಯಾಕೆ? ಮೂರು ತಿಂಗಳು ಟೈಮ್ ಕೊಡು ಅಂದೆ.

ಮೊದಲು ಹೋಗಿದ್ದು ಅತ್ತೆಯ ಹತ್ತಿರ. ಅಪ್ಪನ ಅಕ್ಕ, 88 ವರ್ಷ. ಊರಲ್ಲೇ ಕೊಟ್ಟದ್ದರಿಂದ ಎರಡೂ ಮನೆಯ ಸುದ್ದಿ ಗೊತ್ತು. ಪ್ಲೇಗಿನ ಕಾಲಕ್ಕೆ ನಮ್ಮವರು ಬೇರೆ ಊರಿಂದ ಬಂದು ಹೊಲದಲ್ಲಿ ಗುಡಿಸಲು ಹಾಕಿದರು ಅಂತ ಅತ್ತೆ ಹೇಳಿದಳು. ಹುಬ್ಬಳ್ಳಿ ಸೀಮೆಯಲ್ಲಿ ಪ್ಲೇಗ್ ಜೋರಾಗಿದ್ದದ್ದು 1898ರಲ್ಲಿ, ಹಾಗಾಗಿ ಅಂದಾಜು ಕೂಡಿ ಬಂತು. ಆದರೆ ಅವಳ ಅಪ್ಪನ ತಾಯಿಯ ಹೆಸರು ಕೇಳಿದರೆ, "ಹೆಸರು ಯಾರ ಕರದಾರವ್ವ? ಎಲ್ಲಾರೂ ದೊಡ್ಡವ್ವ ಅಂತಿದ್ರು" ಅಂದುಬಿಟ್ಟಳು.

ಆಮೇಲೆ ಹೆಳವ. ಉತ್ತರ ಕರ್ನಾಟಕದವರಿಗೆ ಹೆಳವರು ಯಾರು ಅಂತ ಹೇಳಬೇಕಾಗಿಲ್ಲ. ಉಳಿದವರಿಗೆ: ಮನೆತನಗಳ ವಂಶಾವಳಿ ಬರೆದಿಟ್ಟುಕೊಂಡು, ಸುಗ್ಗಿ ಮುಗಿದ ಮೇಲೆ ಊರಿಗೆ ಬಂದು ಹೇಳಿ ಹೋಗುವವರು. ಹಿಂದೆ ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬರುತ್ತಿದ್ದರು. ಯಾವ ಮನೆಗಳು ಯಾವ ಹೆಳವನಿಗೆ ಅನ್ನೋದು ಅವರವರ ಹಿರಿಯರಿಂದಲೇ ಬಂದಿರುತ್ತದೆ. ವಂಶ ಹುಡುಕುವ ವೃತ್ತಿ ಅಮೆರಿಕದಿಂದ ಬಂದದ್ದೇನಲ್ಲ, ನಮ್ಮ ಕಟ್ಟೆಯ ಮೇಲೇ ಕೂತಿತ್ತು. ನಾವು ಜೋಳ ಹಾಕಿ ಕಳಿಸುತ್ತಿದ್ದೆವು ಅಷ್ಟೇ.

ನಮ್ಮ ಹೆಳವ ಈ ಸಲ ಬೈಕಿನಲ್ಲಿ ಬಂದ. ಕೆಂಪು ಬಟ್ಟೆ ಬಿಚ್ಚಿ ಪುಸ್ತಕ ತೆಗೆದ. ಬೆಡಗು, ಅಂದರೆ ನಮ್ಮ ಕುಲದ ಕವಲಿನ ಹೆಸರು, ಹೇಳಿದ. ಆಮೇಲೆ ಉಸಿರು ಬಿಡದೆ ಆರು ತಲೆಮಾರು ಹೇಳಿದ. ಇಂಥವನ ಮಗ ಇಂಥವ, ಅವನ ಮಗ ಇಂಥವ. ನನ್ನ ಅಪ್ಪ ಇದ್ದ, ತಮ್ಮ ಇದ್ದ. ನಾನಿಲ್ಲ. ಅತ್ತೆಯೂ ಇಲ್ಲ. "ಹೆಣ್ಮಕ್ಕಳನ್ನ ಯಾಕ ಬರ್ದಿಲ್ಲ?" ಅಂದೆ. "ಈಗ ಬರೀತೀನಿ ತಗೋರಿ ಯವ್ವಾ, ಬದಿಗೆ ಜಾಗ ಐತಿ" ಅಂತ ಬಾಲ್‌ಪೆನ್ ತೆಗೆದ. ಪುಸ್ತಕದ ಅಂಚಿನಲ್ಲಿ ಅಡ್ಡಡ್ಡ ಈಗ ನಾನಿದ್ದೇನೆ. ಅವನಿಗೆ ಕೊಟ್ಟದ್ದು 500 ರೂಪಾಯಿ, ಒಂದು ಪಂಚೆ.

ಹೆಳವ ಹೇಳಿದ್ದೆಲ್ಲ ಖರೆ ಅಂತ ನಾನು ನಂಬಿ ಕೂರಲಿಲ್ಲ. ತಾಳೆ ನೋಡಲು ಉತಾರ, ಹಳೇ ಡೈರಿ ಬೇಕಲ್ಲ. ಡೈರಿ ಅಂದರೆ ಹೊಲ ಕೈ ಬದಲಾದಾಗ ಬರೆಯುವ ಹಕ್ಕಿನ ದಾಖಲೆ. ನಮ್ಮ ಭಾಗ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಅಲ್ಲಿ ಇದಕ್ಕೆ ಕಾಯಿದೆ ಬಂದದ್ದು 1903ರಲ್ಲಿ. ಹೊಲ ನೋಡಿಕೊಳ್ಳುತ್ತಿರುವುದು ದೊಡ್ಡಪ್ಪನ ಮಗ. ಹಳೇ ಡೈರಿ ನಂಬರ್ ಕೇಳಿದೆ. "ಅಕ್ಕಾರ, ಪಾಲು ಕೇಳಾಕ ಬಂದೀರೇನು?" ಅಂದ. ನಗುತ್ತಲೇ ಕೇಳಿದ, ಆದರೆ ಆ ದಿನ ಎರಡನೇ ಸಲ ಚಹಾ ಬರಲಿಲ್ಲ. ತಪ್ಪು ಅವನದಲ್ಲ. ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಅಂತ 2005ರಲ್ಲಿ ಕಾಯಿದೆ ತಿದ್ದುಪಡಿ ಆದಮೇಲೆ ಹೆಣ್ಣುಮಗಳು ಹಳೇ ಕಾಗದ ಕೇಳಿದಳು ಅಂದರೆ ಊರಲ್ಲಿ ಅರ್ಥ ಒಂದೇ. ರಕ್ತಸಂಬಂಧಿ ನನಗೇ ಹೀಗಾದರೆ, ಬ್ಯಾಗು ಹಾಕಿಕೊಂಡು ಬಂದ ಗುರುತಿಲ್ಲದವನಿಗೆ ಏನಾಗುತ್ತಿತ್ತು? ಜಮೀನಿನ ದಲ್ಲಾಳಿ ಅಂತ ಬಸ್ ಹತ್ತಿಸಿ ಕಳಿಸುತ್ತಿದ್ದರು.

ಎರಡು ಸಲ ಹೋಗಿ, ಅತ್ತೆಯಿಂದ ಹೇಳಿಸಿ, ಕೊನೆಗೆ ನಂಬರ್ ಸಿಕ್ಕಿತು. ರೆಕಾರ್ಡ್ ರೂಮಿನಲ್ಲಿ ನಾಲ್ಕು ಸುತ್ತು. 1919ರ ಒಂದು ವಾರಸಾ ಡೈರಿ ನಕಲು ಕೈಗೆ ಬಂತು. ಅಂಚು ಮುರಿದ ಹಾಳೆ, ಕಂದು ಶಾಯಿ. ಮುತ್ತಜ್ಜ ಸತ್ತದ್ದಕ್ಕೆ ಹೊಲ ನನ್ನ ಅಜ್ಜನ ಹೆಸರಿಗೆ ಆಗಿದೆ. ಅಜ್ಜನ ಹೆಸರಿನ ಮುಂದೆ "ಅಜ್ಞಾನ" ಅಂತ ಬರೆದಿದೆ. ದಡ್ಡ ಅಂತಲ್ಲ, ಇನ್ನೂ ವಯಸ್ಸಿಗೆ ಬಂದಿಲ್ಲ ಅಂತ. ಅದರ ಪಕ್ಕದಲ್ಲಿ: ಪಾಲನೆ ಮಾಡುವವಳು ತಾಯಿ ನೀಲವ್ವ. ಹೆಳವನ ಪುಸ್ತಕದಲ್ಲಿ ಇಲ್ಲದ, ಅತ್ತೆಗೂ ಗೊತ್ತಿಲ್ಲದ ಹೆಸರು. 1918ರ ಇನ್‌ಫ್ಲುಯೆಂಜಾದಲ್ಲಿ ಗಂಡ ಹೋಗಿರಬೇಕು, ಅದು ನನ್ನ ಊಹೆ.

ಇಷ್ಟರಲ್ಲೇ ನಾನು ದುಡ್ಡು ಕೊಟ್ಟು ಮಾಡಿಸಿದ ಕೆಲಸವೂ ಒಂದಿದೆ. ಟ್ರಂಕಿನಲ್ಲಿ ಎರಡು ಹಾಳೆ ಮೋಡಿ ಲಿಪಿಯಲ್ಲಿದ್ದವು, ಹಿಂದೆ ಮರಾಠಿ ಬರೆಯುತ್ತಿದ್ದ ಕೂಡುಬರಹ ಅದು. ಅದನ್ನು ಓದೋದು ನನ್ನಿಂದ ಸಾಧ್ಯವೇ ಇಲ್ಲ, ಇರುವೆ ಶಾಯಿಯಲ್ಲಿ ಅದ್ದಿ ಓಡಾಡಿದಂತೆ ಕಾಣುತ್ತದೆ. ಮೋಡಿ ಓದುವವರೊಬ್ಬರಿಗೆ ಫೋಟೋ ಕಳಿಸಿದೆ, ಹಾಳೆಗೆ 600 ರೂಪಾಯಿ. ಒಂದನ್ನು ಓದಲಾಗೋದಿಲ್ಲ, ನೀರು ಬಿದ್ದಿದೆ, ಅದಕ್ಕೆ ದುಡ್ಡು ಬೇಡ ಅಂದರು. ಆ ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂತು. ಇನ್ನೊಂದು ಸಾಲದ ಪತ್ರ. ಶಕ 1811, ಅಂದರೆ 1889. ಜೋಡೆತ್ತಿಗೆ ಸಾಲ. ಸಾಲ ಮಾಡಿದವನ ಹೆಸರು ಹೆಳವ ಹೇಳಿದ ಹೆಸರೇ. ಅವನ ಊರು, ನಮ್ಮ ಮನೆತನದ ಅಡ್ಡಹೆಸರಿನಲ್ಲಿರುವ ಊರೇ.

ಹಾಗಾಗಿ ದುಡ್ಡು ಕೊಟ್ಟು ಯಾರನ್ನೂ ಹಿಡಿಯಬೇಡಿ ಅಂತ ನಾನು ಹೇಳ್ತಿಲ್ಲ. ಓದಲಾಗದ್ದಕ್ಕೆ ಕೊಡಿ, ಓಡಾಡಲಾಗದಿದ್ದರೆ ಕೊಡಿ. ಊರಿನಲ್ಲಿ ಯಾರೂ ಉಳಿಯದಿದ್ದವರಿಗೆ ಬೇರೆ ದಾರಿಯೂ ಇರೋದಿಲ್ಲ. ಆದರೆ "ನಮ್ಮ ವಂಶ ಹುಡುಕಿ" ಅಂತ ಕೊಡಬೇಡಿ. ಇಂಥ ಊರಿನ ಇಂಥ ವರ್ಷದ ಇಂಥ ಕಾಗದ ಅಂತ ಕೊಡಿ. ನಕಲು, ಸರ್ವೆ ನಂಬರ್, ಡೈರಿ ನಂಬರ್ ಸಮೇತ ಕೇಳಿ. ಏನೂ ಸಿಗದಿದ್ದರೆ ಎಷ್ಟು ಅನ್ನೋದನ್ನ ಮೊದಲೇ ಬರೆಸಿಕೊಳ್ಳಿ. ಮನೆಯಲ್ಲಿ 80 ದಾಟಿದವರಿದ್ದರೆ, ಇದೆಲ್ಲ ಅವರನ್ನು ಕೇಳಿ ಆದಮೇಲೆ.

ನೀಲವ್ವನ ತವರು ಯಾವುದು ಅಂತ ತಮ್ಮ ಈಗ ದಿನಾ ಕೇಳುತ್ತಾನೆ. ಹೆಳವನಿಗೆ ಫೋನ್ ಮಾಡಿದ್ದೆ. "ತವರಮನಿ ಹೆಳವ ಬ್ಯಾರೆ ಇರ್ತಾನ್ರಿ ಯವ್ವಾ. ಊರು ಹೇಳ್ರಿ, ಯಾರಂತ ಹೇಳ್ತೀನಿ" ಅಂದ. ಊರು ಗೊತ್ತಿದ್ದರೆ ನಾನ್ಯಾಕೆ ಫೋನ್ ಮಾಡ್ತಿದ್ದೆ!