ಜೆ.ಜೆ. ಆಸ್ಪತ್ರೆಯ ಫಲಕದಲ್ಲಿ ಅಫೀಮಿನ ಮಾತೂ ಇರಬೇಕೆ?

ಪರ: ಇರಲೇಬೇಕು

ಮುಂಬೈಯ ಜೆ.ಜೆ. ಆಸ್ಪತ್ರೆಗೂ ಜೆ.ಜೆ. ಕಲಾಶಾಲೆಗೂ ದಾನ ಕೊಟ್ಟ ಜಮ್‌ಸೆಟ್‌ಜಿ ಜೀಜೀಭಾಯಿ ಹಣ ಮಾಡಿದ್ದು ಚೀನಾ ವ್ಯಾಪಾರದಲ್ಲಿ. ಐದು ಸಲ ತಾವೇ ಹಡಗು ಹತ್ತಿ ಹೋದವರು. 1805ರಲ್ಲಿ ‘ಬ್ರನ್ಸ್‌ವಿಕ್’ ಹಡಗು ಫ್ರೆಂಚರ ಕೈಗೆ ಸಿಕ್ಕಾಗ ಅದರ ವೈದ್ಯ ವಿಲಿಯಂ ಜಾರ್ಡೀನ್ ಜೊತೆಯಲ್ಲಿದ್ದರು. ಮುಂದೆ ಅದೇ ಜಾರ್ಡೀನ್ ಪಾಲುದಾರನಾಗಿ ಕಟ್ಟಿದ ಜಾರ್ಡೀನ್ ಮ್ಯಾಥೆಸನ್ ಕಂಪನಿಗೆ ಮಾಳವದ ಅಫೀಮು ಕಳಿಸಿದವರಲ್ಲಿ ಜೀಜೀಭಾಯಿ ಪ್ರಮುಖರು.

ಆ ವ್ಯಾಪಾರದ ಬಗೆ ನೋಡಿ. ಸುಮಾರು 60 ಕಿಲೋ ಅಫೀಮಿನ ಪೆಟ್ಟಿಗೆಗಳನ್ನು ಚೀನಾದ ಕ್ಯಾಂಟನ್ ಬಂದರಿಗೆ ಒಯ್ಯುತ್ತಿರಲಿಲ್ಲ. ಲಿಂಟಿನ್ ದ್ವೀಪದ ಬಳಿ ಲಂಗರು ಹಾಕಿದ್ದ ದಾಸ್ತಾನು ಹಡಗಿಗೆ ಇಳಿಸುತ್ತಿದ್ದರು. ಚೀನೀ ದಲ್ಲಾಳಿ ಕ್ಯಾಂಟನ್ನಿನಲ್ಲಿ ಬೆಳ್ಳಿ ಕಟ್ಟಿ ಚೀಟಿ ಪಡೆಯುತ್ತಿದ್ದ. ಹುಟ್ಟು ಹಾಕುವ ವೇಗದ ದೋಣಿಗಳು ಆ ಚೀಟಿ ತೋರಿಸಿ ಮಾಲು ಸಾಗಿಸುತ್ತಿದ್ದವು. ಇಷ್ಟು ಬಳಸುದಾರಿ ಏಕೆಂದರೆ 1729ರಲ್ಲೇ ಚೀನಾದಲ್ಲಿ ಅಫೀಮು ಮಾರಾಟಕ್ಕೆ ನಿಷೇಧ ಬಂದಿತ್ತು. 1839ರಲ್ಲಿ ಚೀನಾ ಚಕ್ರವರ್ತಿಯ ಅಧಿಕಾರಿ ಲಿನ್ ಝೆಷು 20,000ಕ್ಕೂ ಹೆಚ್ಚು ಪೆಟ್ಟಿಗೆ ನಾಶಮಾಡಿಸಿದರು. ಬ್ರಿಟನ್ನಿಗೂ ಚೀನಾಕ್ಕೂ ಯುದ್ಧವಾಯಿತು, 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಆ ಅಫೀಮಿಗೆಂದೇ ಚೀನಾ 60 ಲಕ್ಷ ಡಾಲರ್ ತೆರಬೇಕಾಯಿತು. ಅದೇ ವರ್ಷ ಜೀಜೀಭಾಯಿ ‘ಸರ್’ ಆದರು. ಚಟದಿಂದ ಸವೆದ ದೇಹಗಳ ಬಗ್ಗೆ ಬೇರೆ ಯಾರು ಸುಮ್ಮನಿದ್ದರೂ ಆಸ್ಪತ್ರೆ ಸುಮ್ಮನಿರಬಾರದು. ಎರಡು ಸಾಲು ಸಾಕು.

ವಿರೋಧ: ಗೋಡೆ ಅದಕ್ಕೆ ಜಾಗವಲ್ಲ

ಮೇಲಿನದು ಯಾವುದೂ ಸುಳ್ಳಲ್ಲ. ಆದರೆ ಆ ಹಡಗುಗಳಲ್ಲಿ ಹತ್ತಿಯೂ ಹೋಗುತ್ತಿತ್ತು. ದಾನದ ಯಾವ ರೂಪಾಯಿ ಯಾವ ಮಾಲಿನದು ಎಂದು ಯಾರು ಬಿಡಿಸಿ ಹೇಳಬಲ್ಲರು? ಇನ್ನೂ ದೊಡ್ಡ ತೊಡಕು ಸರ್ಕಾರದ್ದು. ಮಾಳವದ ಪೆಟ್ಟಿಗೆ ಮುಂಬೈ ಸೇರಲು ಈಸ್ಟ್ ಇಂಡಿಯಾ ಕಂಪನಿ ಪೆಟ್ಟಿಗೆಗಿಷ್ಟು ಎಂದು ಶುಲ್ಕ ಪಡೆದು ಪಾಸ್ ಕೊಡುತ್ತಿತ್ತು. ಬಂಗಾಳದ ಕಡೆ ಕಂಪನಿಯೇ ರೈತರಿಗೆ ಮುಂಗಡ ಕೊಟ್ಟು ಗಸಗಸೆ ಬೆಳೆಸಿ, ಅಫೀಮನ್ನು ಕಲ್ಕತ್ತದಲ್ಲಿ ಹರಾಜು ಹಾಕುತ್ತಿತ್ತು. ಆ ವರಮಾನದಿಂದ ನಡೆದ ಆಡಳಿತದ ಕಟ್ಟಡಗಳಿಗೆ ಇಲ್ಲದ ಫಲಕ ಒಂದು ಪಾರ್ಸಿ ಮನೆತನದ ದಾನಕ್ಕೆ ಮಾತ್ರ ಏಕೆ?

ಫಲಕದಲ್ಲಿ ದಾನದ ಷರತ್ತು ಬರೆಯಿರಿ. ಆಸ್ಪತ್ರೆಗೆ 1 ಲಕ್ಷ ರೂಪಾಯಿ ಕೊಡಲು ಮುಂದಾದಾಗ ಜೀಜೀಭಾಯಿ, ಸರ್ಕಾರವೂ ಅಷ್ಟೇ ಹಾಕಬೇಕೆಂದರು. ಮಾಹಿಮ್–ಬಾಂದ್ರಾ ನಡುವೆ ದೋಣಿಗಳು ಮುಳುಗಿ ಜನ ಸಾಯುತ್ತಿದ್ದಾಗ ಪತ್ನಿ ಅವಾಬಾಯಿ ರಸ್ತೆಗೆಂದು ಸುಮಾರು ಒಂದೂವರೆ ಲಕ್ಷ ಕೊಟ್ಟರು, ದಾಟುವವರಿಂದ ಸುಂಕ ಎತ್ತಕೂಡದು ಎಂಬ ಕರಾರಿನ ಮೇಲೆ. ಅಫೀಮಿನ ಕಥೆ ಪಠ್ಯಪುಸ್ತಕದಲ್ಲಿ, ವಸ್ತುಸಂಗ್ರಹಾಲಯದಲ್ಲಿ, ಕಂಪನಿಯ ಹೆಸರಿನೊಂದಿಗೆ ಪೂರ್ತಿಯಾಗಿ ಬರಲಿ. ಎರಡು ಸಾಲಿನಲ್ಲಿ ಬರೆದರೆ ಕಂಪನಿ ಮತ್ತೆ ತಪ್ಪಿಸಿಕೊಳ್ಳುತ್ತದೆ.